ತಟ್ಟೆಯೊಳಗಿನ ಕೆರೆ

ಸೇತುರಾಮರ ಹಜಾರದಲ್ಲಿ, ಕಿಟಕಿಯ ಪಕ್ಕದ ಗಿಡ್ಡ ಮೇಜಿನ ಮೇಲೆ, ಒಂದು ಇಡೀ ಊರಿನ ಬಯಲು ಇತ್ತು. ಗೇಣುದ್ದದ ಬೆಟ್ಟ, ಹಸಿರು ಹೊದ್ದ ದಿಣ್ಣೆ, ಬೆರಳಗಲದ ದಾರಿ, ಕನ್ನಡಿ ಚೂರು ಹೂತು ಮಾಡಿದ ಕೆರೆ. ಮನುಷ್ಯರು ಮಾತ್ರ ಇರಲಿಲ್ಲ. ಅದನ್ನು ಮೊದಲ ಸಲ ನೋಡಿದಾಗ ಮಾಲಿ ತಿಮ್ಮರಾಯಪ್ಪನಿಗೆ ಅನ್ನಿಸಿದ್ದು ಒಂದೇ: ಇಲ್ಲಿದ್ದವರೆಲ್ಲ ಎಲ್ಲಿಗೋ ಹೋಗಿಬಿಟ್ಟಿದ್ದಾರೆ, ಮತ್ತೆ ಬರುವುದಿಲ್ಲ.

ಸೇತುರಾಮರು ಬಡಾವಣೆ ಕಟ್ಟಿಸುವ ಕಚೇರಿಯಲ್ಲಿ ಎಂಜಿನಿಯರು. ಸಿಮೆಂಟು ರಸ್ತೆಯ ಕೆಲಸ ಕಲಿತು ಬರಲೆಂದು ೧೯೫೯ರಲ್ಲಿ ಅವರನ್ನು ಆರು ತಿಂಗಳು ಜಪಾನಿಗೆ ಕಳಿಸಿದ್ದರು. ರಸ್ತೆಯ ವಿದ್ಯೆ ಎಷ್ಟು ಕಲಿತರೋ ದೇವರಿಗೇ ಗೊತ್ತು. ಉಳಿದುಕೊಂಡಿದ್ದ ಮನೆಯ ಮುದುಕಿಯಿಂದ ತಟ್ಟೆಯಲ್ಲಿ ತೋಟ ಮಾಡುವುದನ್ನಂತೂ ಚೆನ್ನಾಗಿ ಕಲಿತು ಬಂದರು. ಜಯನಗರದ ಹೊಸ ಮನೆಗೆ ಬಂದ ಮೇಲೆ ಆ ಹುಚ್ಚು ಇನ್ನೂ ಹೆಚ್ಚಿತು. ಗಾರೆಯವರಿಂದ ಎರಡು ಮೊಳದ ಸಿಮೆಂಟಿನ ತಟ್ಟೆಗಳನ್ನು ಎರಕ ಹೊಯ್ಯಿಸಿ, ತಳಕ್ಕೆ ತೂತು ಕೊರೆಸಿದರು. ಕೆಳಗೆ ಇಟ್ಟಿಗೆ ಚೂರು, ಅದರ ಮೇಲೆ ಇದ್ದಿಲು, ಮೇಲೆ ಜರಡಿ ಹಿಡಿದ ಕೆಮ್ಮಣ್ಣು ಮತ್ತು ಎಲೆಗೊಬ್ಬರ. ಪಾಳುಬಾವಿಯ ಗೋಡೆಯಿಂದ ಪಾಚಿ ಹೆರೆದು ತರುವುದು ತಿಮ್ಮರಾಯಪ್ಪನ ಕೆಲಸ. ಅದನ್ನು ಮಜ್ಜಿಗೆಯಲ್ಲಿ ಕಲಸಿ ಹಸಿಮಣ್ಣಿಗೆ ಬಳಿದರೆ ಹತ್ತು ದಿನದಲ್ಲಿ ನೂರು ವರ್ಷದ ಹುಲ್ಲುಗಾವಲು ತಯಾರು. ನಿನ್ನೆ ಮಾಡಿದ್ದನ್ನು ಎಂದೆಂದಿಗೂ ಇದ್ದದ್ದು ಎನ್ನಿಸುವಂತೆ ಮಾಡುವುದೇ ಈ ವಿದ್ಯೆಯ ಗುಟ್ಟು ಎಂದು ಸೇತುರಾಮರು ಹೇಳುತ್ತಿದ್ದರು. ತಿಮ್ಮರಾಯಪ್ಪನ ಕೈಗೆ ಅದು ಬೇಗ ಒಲಿಯಿತು. ಮಣ್ಣಿನ ಕೈ ಅಲ್ಲವೇ.

ಒಂದು ಕಾಲಕ್ಕೆ ಆ ಕೈ ಎರಡು ಎಕರೆ ರಾಗಿ ಹೊಲ ಉಳುತ್ತಿತ್ತು. ಬಡಾವಣೆಗೆಂದು ಊರಿನ ಭೂಮಿಯನ್ನೆಲ್ಲ ತೆಗೆದುಕೊಂಡಾಗ ಅವನ ಹೊಲವೂ ಹೋಯಿತು. ಅಳೆಯಲು ಬಂದ ಅಧಿಕಾರಿ ಮರ ಎಷ್ಟು, ಬಾವಿ ಎಷ್ಟು, ಗುಡಿ ಸಮಾಧಿ ಏನಾದರೂ ಇದೆಯೇ ಎಂದು ಕೇಳಿ ಬರೆದುಕೊಂಡಿದ್ದ. ಮರ ಎರಡು, ಬಾವಿ ಇಲ್ಲ, ಸಮಾಧಿ ಇಲ್ಲ ಎಂದು ತಿಮ್ಮರಾಯಪ್ಪ ಹೇಳಿದ. ಕೊನೆಯ ಮಾತು ಸುಳ್ಳು.

ಹೊಲದ ಮೂಡಣ ತೆಂಕಣ ಮೂಲೆಯಲ್ಲಿ ಒಂದು ಹೊಂಗೆಮರ, ಎದುರಿನ ಮೂಲೆಯಲ್ಲಿ ಒಂದು ಮಾವಿನಮರ. ಹೊಂಗೆಯ ಬುಡದಲ್ಲಿ ಅವನ ಮೊದಲ ಮಗಳು ಸೊಣ್ಣಿ ಮಲಗಿದ್ದಳು. ಎರಡೂವರೆ ವರ್ಷದ ಮಗು, ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಿತ್ತು. ಚೊಚ್ಚಲು ಕೂಸನ್ನು ಮಣ್ಣು ಮಾಡಿದ ಜಾಗ ಯಾರಿಗೂ ತಿಳಿಯಬಾರದು ಎಂಬುದು ಅವರ ಕಡೆಯ ಕಟ್ಟುನಿಟ್ಟು. ತಿಳಿದರೆ ಮಾಟಗಾರರು ಅಮಾವಾಸ್ಯೆಯಲ್ಲಿ ಬಂದು ಅಗೆದು, ಬುರುಡೆಯನ್ನು ಸುಟ್ಟು ಮಾಟಕ್ಕೆ ಹಚ್ಚುವ ಕಪ್ಪು ಮಾಡಿಕೊಳ್ಳುತ್ತಾರೆ. ಆಮೇಲೆ ಆ ಮಗುವಿಗೆ ಬಿಡುಗಡೆಯಿಲ್ಲ, ಯಾವನೋ ಕರೆದಲ್ಲಿಗೆಲ್ಲ ಹೋಗುತ್ತಿರಬೇಕು. ನಗುವವರು ನಗಲಿ. ಮಗುವನ್ನು ಕಳೆದುಕೊಂಡವರ ಮುಂದೆ ನಿಂತು ನಗುವುದು ಕಷ್ಟ.

ಹೆಂಗಸರು ಮಣ್ಣಿಗೆ ಬರುವ ಪದ್ಧತಿ ಅವರಲ್ಲಿರಲಿಲ್ಲ. ಮೂರನೆಯವರಿಗೆ ತಿಳಿಯುವುದು ಬೇಡವೆಂದು ಗೌರಮ್ಮನೇ ಗಂಡನ ಜೊತೆ ಬಂದು, ತನ್ನ ಕೈಯಿಂದಲೇ ಮಣ್ಣು ಎಳೆದಿದ್ದಳು. ಕೆರೆಯ ಆಚೆ ಹೂತೆವು ಎಂದು ಊರಿಗೆಲ್ಲ ಹೇಳಿದರು. ಕಲ್ಲು ನೆಡಲಿಲ್ಲ, ಹಾಲು ತುಪ್ಪ ಬಿಡಲಿಲ್ಲ, ಹೂವಿಡಲಿಲ್ಲ. ಆ ವರ್ಷ ಮಗುವಿನ ಮೇಲೆಯೇ ರಾಗಿ ಬಿತ್ತಿದರು. ಹೊಲ ಹೋದ ಮೇಲೂ ಆ ಜಾಗ ಉದ್ಯಾನಕ್ಕೆಂದು ಖಾಲಿ ಬಿದ್ದಿತ್ತು, ಯಾರೂ ಗುದ್ದಲಿ ಹಾಕಿರಲಿಲ್ಲ. ಕೆಲಸಕ್ಕೆ ಹೋಗುವಾಗ ತಿಮ್ಮರಾಯಪ್ಪ ದಿನವೂ ಅದೇ ದಾರಿ ಹಿಡಿದು, ಹೊಂಗೆಯ ಕಡೆ ಒಮ್ಮೆ ನೋಡಿ, ನೋಡಲಿಲ್ಲವೆಂಬಂತೆ ಮುಂದೆ ಹೋಗುತ್ತಿದ್ದ.

ಒಂದು ಸೋಮವಾರ ಸಂಜೆ ಸೇತುರಾಮರು ಕಚೇರಿಯಿಂದ ಬಂದವರೇ ಕೋಟು ಬಿಚ್ಚದೆ ಹಜಾರದ ಹೊಸ ತಟ್ಟೆಯ ಮುಂದೆ ನಿಂತು ಅವನನ್ನು ಕರೆದರು.

"ಇದು ಯಾವ ಜಾಗ ಹೇಳು ನೋಡೋಣ."

"ಜಪಾನು ಅಲ್ವಾ ಸ್ವಾಮಿ."

"ಜಪಾನೂ ಅಲ್ಲ, ಗಿಪಾನೂ ಅಲ್ಲ. ನಿನ್ನ ಹೊಲ ಕಣಯ್ಯಾ. ಅಲ್ಲಿ ಬರೋ ಪಾರ್ಕು ಹೀಗೇ ಇರತ್ತೆ. ಮುಂದಿನ ವಾರ ಕಮಿಟಿಯವರು ನಕ್ಷೆ ಬದಲು ಇದನ್ನೇ ನೋಡ್ತಾರೆ. ಎರಡು ಮರಾನೂ ಉಳಿಸಿದೀನಿ, ನೋಡು."

ತಿಮ್ಮರಾಯಪ್ಪ ಬಗ್ಗಿ ನೋಡಿದ. ಎದುರುಬದುರು ಮೂಲೆಗಳಲ್ಲಿ ಎರಡು ಪುಟ್ಟ ಸಸಿ, ಎರಡೂ ಒಂದೇ ಜಾತಿಯವು. ಅವುಗಳಲ್ಲಿ ಒಂದರ ಬುಡದಲ್ಲೇ ಕನ್ನಡಿಯ ಕೆರೆ. ರೈತ ದಿಕ್ಕು ನೋಡುವುದು ಸೂರ್ಯನಿಂದ. ಹಜಾರದ ಕಿಟಕಿ ಇರುವುದು ಮೂಡಲಿಗೆ, ಬೆಳಗಿನ ಬಿಸಿಲು ಬೀಳುವುದು ಅಲ್ಲಿಂದ. ಕೆರೆ ಇದ್ದದ್ದು ಕಿಟಕಿಯ ಕಡೆಗೆ, ತೆಂಕಣ ಮೂಲೆಯಲ್ಲಿ. ಅಂದರೆ ಹೊಂಗೆಯ ಬುಡ. ಕನ್ನಡಿಯಲ್ಲಿ ತನ್ನ ಮುಖವೇ ಕಂಡು ಅವನು ಹಿಂದೆ ಸರಿದ.

"ಕೆರೆ ಎಷ್ಟು ಆಳ ಸ್ವಾಮಿ?"

"ಆಳೆತ್ತರ ತೋಡಿಸ್ತೀನಿ. ತಾವರೆ ಬಿಡಬೇಕಲ್ಲ."

ಅವನು ಜಾಸ್ತಿ ಯೋಚಿಸಲಿಲ್ಲ. ಯೋಚಿಸಿದ್ದರೆ ಚೆನ್ನಾಗಿತ್ತು. ಕೆರೆಯ ಮೂಲೆಗೆ ಬೆರಳು ತೋರಿಸಿ, "ಈ ಮೂಲೇಲಿ ಕೆಳಗಡೆ ಹಾಸುಬಂಡೆ ಐತೆ ಸ್ವಾಮಿ. ನಮ್ಮಪ್ಪನ ಕಾಲದಲ್ಲಿ ಬಾವಿ ತೋಡಕ್ಕೋಗಿ ಹಾರೆ ಮುರ್ಕೊಂಡ್ರು. ಆ ಮೂಲೇಲಾದ್ರೆ ಬೆಣ್ಣೆಯಂಥ ಮಣ್ಣು" ಎಂದ. ಬಂಡೆಯೂ ಸುಳ್ಳು, ಬಾವಿಯೂ ಸುಳ್ಳು.

ಸೇತುರಾಮರು ಗಲ್ಲ ಕೆರೆದುಕೊಂಡರು. ಆ ನೆಲ ಉತ್ತವನ ಮಾತಿಗಿಂತ ದೊಡ್ಡ ವರದಿ ಯಾವುದಿದೆ? ಅಲ್ಲೇ ಕೂತು, ಚಿಮಟದಿಂದ ಕನ್ನಡಿ ಎಬ್ಬಿಸಿ, ಎದುರಿನ ಸಸಿಯ ಬುಡಕ್ಕೆ ಕೆರೆಯನ್ನು ಸಾಗಿಸಿದರು. ಹಳೆಯ ಗುಂಡಿಗೆ ತಿಮ್ಮರಾಯಪ್ಪ ಮಣ್ಣು ತುಂಬಿ ಪಾಚಿ ಬಳಿದ. ಆ ದಿನ ಮನೆಗೆ ಹೋಗುವಾಗ ಅವನ ಹೆಜ್ಜೆ ಹಗುರವಾಗಿತ್ತು. ಗೌರಮ್ಮನಿಗೆ ಏನನ್ನೂ ಹೇಳಲಿಲ್ಲ. ಬಂದದ್ದೂ ತಿಳಿಯದ ಹಾಗೆ ಆಪತ್ತು ಹೋಯಿತು, ಹೇಳುವುದೇನಿದೆ ಎಂದುಕೊಂಡ.

ಮೂರು ವಾರ ಕಳೆದವು. ಒಂದು ಬೆಳಿಗ್ಗೆ ಅದೇ ದಾರಿಯಲ್ಲಿ ಬರುತ್ತಿದ್ದವನು ನಡು ದಾರಿಯಲ್ಲೇ ನಿಂತುಬಿಟ್ಟ. ಹೊಂಗೆಮರದ ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಕೆರೆಯ ಆಕಾರ, ತಟ್ಟೆಯಲ್ಲಿದ್ದ ಆಕಾರವೇ, ಹಿಗ್ಗಿ ಹಿಗ್ಗಿ ನೆಲದ ಮೇಲೆ ಬಿದ್ದುಕೊಂಡಿತ್ತು. ಮಾವಿನಮರದ ಕಡೆ ಒಂದು ಚುಕ್ಕೆ ಸುಣ್ಣವೂ ಇರಲಿಲ್ಲ. ಗೆರೆ ಎಳೆದವರು ತಪ್ಪು ಮಾಡಿರಬೇಕೆಂದುಕೊಂಡು ಹೆಚ್ಚುಕಡಿಮೆ ಓಡುತ್ತಲೇ ಹಜಾರಕ್ಕೆ ಬಂದ.

ಅಂದು ಸೋಮವಾರ. ಅಲಮೇಲಮ್ಮನವರು, ಅಂದರೆ ಸೇತುರಾಮರ ಹೆಂಡತಿ, ಅಡುಗೆಮನೆಯಿಂದಲೇ ಎಂದಿನಂತೆ ನೆನಪಿಸಿದರು: "ತಿಮ್ಮರಾಯಪ್ಪಾ, ತಟ್ಟೆ ತಿರುಗಿಸಿದೆಯೇನಪ್ಪಾ? ಗಿಡ ಎಲ್ಲ ಕಿಟಕೀ ಕಡೆಗೇ ವಾಲ್ತಿವೆ."

ತಟ್ಟೆಗೆ ಕೈಹಾಕಿದ್ದವನು ಕೈ ಹಿಂದಕ್ಕೆ ಎಳೆದುಕೊಂಡ. ಮನೆಯೊಳಗಿನ ಗಿಡ ಬೆಳಕಿನ ಕಡೆಗೇ ಬಾಗುತ್ತದೆಂದು ಪ್ರತಿ ಸೋಮವಾರ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಡುವುದು ಅವನದೇ ಕೆಲಸ. ಸೇತುರಾಮರು ದಿಕ್ಕು ನೋಡಿ ಸರಿಯಾಗಿಯೇ ಇಟ್ಟಿದ್ದರು. ಮೂರು ವಾರದ ಹಿಂದಿನ ಆ ಸೋಮವಾರ ಬೆಳಿಗ್ಗೆ, ಅದು ಬರೀ ತಟ್ಟೆ ಎಂದುಕೊಂಡಿದ್ದಾಗ, ಇವನೇ ತಿರುಗಿಸಿದ್ದ. ಸಂಜೆ ಅದು ತನ್ನ ಹೊಲ ಎಂದು ತಿಳಿದಾಗ ಮೂಡಲು ಪಡುವಲಾಗಿತ್ತು, ತೆಂಕಲು ಬಡಗಲಾಗಿತ್ತು. ಸಾಹೇಬರು ಮೊದಲು ಕೆರೆ ಇಟ್ಟಿದ್ದದ್ದು ಮಾವಿನ ಬುಡದಲ್ಲಿ. ಯಾರ ತಂಟೆಗೂ ಬರದೆ ಅಲ್ಲಿದ್ದ ಕೆರೆಯನ್ನು ಸುಳ್ಳು ಹೇಳಿ, ಬೇಡಿಕೊಂಡು, ತಂದು ಮಗಳ ಮೇಲೆ ಇಟ್ಟವನು ಅವನೇ.

ಅಗೆತ ಗುರುವಾರ ಶುರು ಎಂದು ಬೆಳಿಗ್ಗೆ ಅಲ್ಲೇ ಇದ್ದ ಕೂಲಿಯವರು ಹೇಳಿದ್ದರು.

ಮನೆಗೆ ಹೋಗಿ ಗೌರಮ್ಮನಿಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಮೊರದಲ್ಲಿದ್ದ ರಾಗಿಯನ್ನು ಕೈಯಲ್ಲಿ ಸವರುತ್ತ ಕೂತಳು.

"ನಾವೇ ತೆಗ್ದು ಬ್ಯಾರೆ ಕಡೆ ಇಟ್ರೆ?" ಎಂದು ಅವನೇ ಕೇಳಿದ.

"ಮಣ್ಣಿಗೆ ಕೊಟ್ಟಿದ್ದನ್ನ ತಿರುಗಿ ತೆಗೀಬಾರ್ದು."

"ಹಂಗಾರೆ ಸಾಹೇಬ್ರಿಗೆ ಹೇಳ್ಬೇಕು. ಬ್ಯಾರೆ ದಾರಿ ಇಲ್ಲ."

"ಹೇಳ್ಬ್ಯಾಡಿ" ಎಂದಳು ಗೌರಮ್ಮ. ಆಮೇಲೆ ಮೊರ ಪಕ್ಕಕ್ಕಿಟ್ಟು, "ಗುದ್ದಲೀಲಿ ಕೂಲಿಯೋರು ಎತ್ತಿ ಬಿಸಾಕೋದಕ್ಕಿಂತ ಹೇಳೋದೇ ವಾಸಿ. ಒಬ್ರಿಗೇ ಹೇಳಿ. ಆಣೆ ಹಾಕಿಸ್ಕಳಿ" ಎಂದಳು.

ಮರುದಿನ ತಿಮ್ಮರಾಯಪ್ಪ ಹಜಾರದ ಬಾಗಿಲಲ್ಲಿ ನಿಂತು, ಒಂಬತ್ತು ವರ್ಷ ನಾಲಿಗೆಯ ತುದಿಗೂ ಬಾರದಂತೆ ಕಾದಿದ್ದ ಮಾತನ್ನು ಆಡಿದ. ಚೊಚ್ಚಲು ಎಂಬುದನ್ನು ಮುಚ್ಚಿಡಲಿಲ್ಲ. ಯಾಕೆ ಬಚ್ಚಿಟ್ಟೆವು, ತಿಳಿದರೆ ಏನಾಗುತ್ತದೆ ಎಂಬುದನ್ನೂ ಹೇಳಿದ. ಸೇತುರಾಮರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಆತ ಒಳ್ಳೆಯವನಲ್ಲ ಎಂದು ಈ ಕಥೆಯಲ್ಲಿ ಯಾರೂ ಹೇಳುವುದಿಲ್ಲ. ಅಷ್ಟರಮಟ್ಟಿಗೆ ಇದು ಇನ್ನೂ ಸಂಕಟದ ಕಥೆ.

"ಮೊದಲೇ ಹೇಳಬಾರದಿತ್ತೇನಯ್ಯಾ. ಇವತ್ತೇ ನಿಲ್ಲಿಸ್ತೀನಿ. ಕೆರೆ ಮಾವಿನಮರದ ಹತ್ತಿರಾನೇ ಇರಲಿ, ಬಂಡೆ ಇದ್ರೆ ಇರಲಿ."

"ಬಂಡೆ ಇಲ್ಲ ಸ್ವಾಮಿ."

ಅವರು ಅವನನ್ನೇ ನೋಡಿ ತಲೆಯಾಡಿಸಿದರು.

"ಯಾರಿಗೂ ಗೊತ್ತಾಗಬಾರ್ದು ಸ್ವಾಮಿ. ಅಮ್ಮಾವ್ರಿಗೂ."

"ಆಯ್ತಪ್ಪಾ. ನಿನ್ನ ಹೆಸರು ನನ್ನ ಬಾಯಿಂದ ಬರಲ್ಲ."

ಹೆಸರು ಬರಲಿಲ್ಲ, ಅದು ನಿಜ. ಆದರೆ ಕಚೇರಿಯಲ್ಲಿ ಕೆರೆಯನ್ನು ಎರಡನೆಯ ಸಲ ಸಾಗಿಸಿದ್ದಕ್ಕೆ ಕಾರಣ ಬರೆಯಬೇಕಾಯಿತು. ಬರೆದದ್ದನ್ನು ಗುಮಾಸ್ತ ಓದಿದ, ಓದಿದ್ದನ್ನು ಕಾಫಿಯ ಹೊತ್ತಿನಲ್ಲಿ ಹೇಳಿದ. ಇನ್ನು ಹಜಾರದಲ್ಲಿ ಸೇತುರಾಮರು ತಟ್ಟೆಯ ಹೊಂಗೆಯ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದು ಬಿಳಿ ಕಲ್ಲು ಇಟ್ಟರು. ಮಗುವಿಗೆ ಗೌರವ ಎಂದು ಇಟ್ಟದ್ದು. ಅದರಲ್ಲಿ ಕೆಟ್ಟ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆದರೆ ಹಸಿರು ಪಾಚಿಯ ಮೇಲೆ ಒಂದು ಬಿಳಿ ಕಲ್ಲಿದ್ದರೆ ಬಂದವರು ಕೇಳದೆ ಇರುತ್ತಾರೆಯೇ?

ಆಷಾಢದ ಒಂದು ಮಧ್ಯಾಹ್ನ ತಿಮ್ಮರಾಯಪ್ಪ ಕಿಟಕಿಯ ಹೊರಗೆ ಗುಲಾಬಿಗೆ ಪಾತಿ ಮಾಡುತ್ತಿದ್ದ. ಒಳಗೆ ಪಕ್ಕದ ಮನೆಯ ಶಾಮಣ್ಣನವರು ಮತ್ತು ಬಸವನಗುಡಿಯಿಂದ ಬಂದ ಇಬ್ಬರು ಹೆಂಗಸರು ಕೂತಿದ್ದರು.

"ಅದೊಂದು ಕಲ್ಲು ಯಾಕೆ ಅಲ್ಲಿ?" ಎಂದು ಶಾಮಣ್ಣನವರು ಕೇಳಿದ್ದು ಅವನಿಗೆ ಕೇಳಿಸಿತು.

"ಅದು ಯಾರೋ ಒಬ್ಬ ರೈತನ ಮಗುವಿನ ಜಾಗ" ಎಂದರು ಸೇತುರಾಮರು. ಧ್ವನಿ ಮೆತ್ತಗಿತ್ತು. "ಚೊಚ್ಚಲು ಮಗುವಂತೆ. ಪಾಪ, ಭಯದಲ್ಲಿ ಒಂದು ಹೂವನ್ನೂ ಇಟ್ಟಿಲ್ಲ ಅವರು."

"ಚೊಚ್ಚಲಾ" ಎಂದರು ಶಾಮಣ್ಣನವರು. "ನಮ್ಮ ಹಾಲಿನವನು ಹೇಳ್ತಿರ್ತಾನೆ, ಅಂಥಾದ್ದನ್ನ ಹುಡುಕಿಕೊಂಡು ಎಲ್ಲೆಲ್ಲಿಂದಾನೋ ಬರ್ತಾರಂತೆ. ಎಲ್ಲಿ, ಹೊಸ ಪಾರ್ಕಿನ ಹೊಂಗೆಮರದ ಕೆಳಗೇನಾ?"

ಒಬ್ಬ ಹೆಂಗಸು ಅಯ್ಯೋ ಎಂದರು. ಇನ್ನೊಬ್ಬರು ಬಗ್ಗಿ ಆ ಕಲ್ಲನ್ನು ಬೆರಳ ತುದಿಯಿಂದ ಮುಟ್ಟಿದರು. ಹೊರಗೆ ತಿಮ್ಮರಾಯಪ್ಪನ ಕೈಯಲ್ಲಿದ್ದ ಕಳೆಗುದ್ದಲಿ ಗುಲಾಬಿಯ ಬೇರನ್ನೇ ಕಡಿದುಹಾಕಿತು. ಒಳಗೆ ನುಗ್ಗಿ ಬಾಯಿ ಮುಚ್ಚಿ ಎನ್ನಬೇಕೆನ್ನಿಸಿತು. ಎಂದರೆ ಆ ರೈತ ಯಾರು ಎಂಬುದೂ ಅಂದೇ ಊರಿಗೆಲ್ಲ ತಿಳಿಯುತ್ತಿತ್ತು. ಮಣ್ಣು ಮುಚ್ಚಿ, ನೀರು ಹಾಕಿ, ಎದ್ದು ಹೋದ.

ಅಲ್ಲಿಂದ ಮುಂದೆ ಅವನು ದಿನಗಳನ್ನು ಎಣಿಸತೊಡಗಿದ. ಭೀಮನ ಅಮಾವಾಸ್ಯೆ ಏನೂ ಆಗದೆ ಕಳೆಯಿತು. ಸೇತುರಾಮರು ಹೊಂಗೆಯ ಸುತ್ತ ಮೊಳಕಾಲೆತ್ತರದ ಕಲ್ಲುಕಟ್ಟೆ ಕಟ್ಟಿಸಿದರು. ಮಗುವಿನ ಜಾಗವನ್ನು ಯಾರೂ ತುಳಿಯದಿರಲೆಂದು. ಗುರುತೇ ಇಲ್ಲದಿದ್ದ ಬಯಲಿನಲ್ಲಿ ಈಗ ಆ ಜಾಗ ಅರ್ಧ ಮೈಲಿಯಿಂದ ಕಾಣುತ್ತಿತ್ತು. ಪಾರ್ಕಿನ ಕೆಲಸದ ಹೆಂಗಸರು ಅದಕ್ಕೆ ಕೂಸಿನ ಕಟ್ಟೆ ಎಂದು ಹೆಸರಿಟ್ಟರು. ಯಾರೋ ಒಂದು ದಿನ ಎರಡು ಕಣಗಿಲೆ ಹೂವು ಇಟ್ಟು ಹೋಗಿದ್ದರು.

ಇದರಿಂದ ಹೆದರಬೇಕಾದ ಗೌರಮ್ಮ ಯಾಕೋ ಹೆದರಲಿಲ್ಲ. ಬದಲಿಗೆ ಅವಳ ಮುಖ ದಿನದಿಂದ ದಿನಕ್ಕೆ ತಿಳಿಯಾಗುತ್ತ ಬಂತು. ಒಂದು ದಿನ ಊಟಕ್ಕೆ ಬಡಿಸುತ್ತ, "ನೀವು ಹೇಳಿದ್ದೇ ಒಳ್ಳೇದಾಯ್ತು. ಯಾರೋ ಹೂವು ಇಟ್ಟವ್ರೆ ನಮ್ಮ ಮಗೀಗೆ. ನಮ್ಮ ಕೈಲಾಗ್ಲಿಲ್ಲ, ಬ್ಯಾರೆಯೋರು ಇಟ್ರು" ಎಂದಳು. ತಿಮ್ಮರಾಯಪ್ಪ ತುತ್ತು ನುಂಗಿ ಹೂಂ ಎಂದ.

ಶ್ರಾವಣದ ಅಮಾವಾಸ್ಯೆ ಕಳೆದ ಮರುದಿನ, ಬೆಳಕು ಹರಿಯುವ ಮೊದಲೇ ಎದ್ದು, ಹಾದಿಯ ಇಬ್ಬನಿ ತುಳಿದುಕೊಂಡು ಹೋದ. ದೂರದಿಂದ ಕಟ್ಟೆ ಸರಿಯಾಗಿಯೇ ಕಂಡಿತು. ಹತ್ತಿರ ಹೋದ ಮೇಲೆ ಕಟ್ಟೆಯ ಒಳಗಿನ ಮಣ್ಣು ಹೊರಗೆ ರಾಶಿ ಬಿದ್ದಿರುವುದು ಕಂಡಿತು.

ಗುಂಡಿ ಸೊಂಟದಾಳ ಇತ್ತು. ಅವಸರದಲ್ಲಿ ಅಗೆದದ್ದಲ್ಲ, ಕೆಲಸ ಬಲ್ಲವರು ನಿಧಾನವಾಗಿ ಅಗೆದದ್ದು. ಹೊಂಗೆಯ ಬೇರನ್ನು ಕೊಡಲಿಯಿಂದ ನುಣ್ಣಗೆ ಕಡಿದು ಪಕ್ಕಕ್ಕೆ ಇಟ್ಟಿದ್ದರು. ಅಂಚಿನಲ್ಲಿ ಒಂದು ಹೊಸ ಕುಡಿಕೆ ಬೋರಲು ಬಿದ್ದಿತ್ತು. ತಿಮ್ಮರಾಯಪ್ಪ ಒಳಗಿಳಿದು ಮೊಳಕಾಲೂರಿ ತಳವನ್ನೆಲ್ಲ ಕೈಯಿಂದ ಕೆದಕಿದ. ಜರಡಿ ಹಿಡಿದ ಹಾಗೆ ಮಣ್ಣನ್ನು ಬೆರಳ ಸಂದಿಯಿಂದ ಬಿಟ್ಟು ನೋಡಿದ. ಉಡಿದಾರದ ಎರಡು ಕರಿಮಣಿ ಸಿಕ್ಕಿದವು. ಬೇರೇನೂ ಸಿಗಲಿಲ್ಲ. ಅಲ್ಲೇ ಗುಂಡಿಯ ಗೋಡೆಗೆ ಹಣೆ ಒತ್ತಿಕೊಂಡು ಅತ್ತ. ಕೂಲಿಯವರು ಬರುವ ಹೊತ್ತಾಗುತ್ತಿತ್ತು. ಅಳುವುದಕ್ಕೂ ಪೂರಾ ಪುರಸೊತ್ತಿರಲಿಲ್ಲ.

ಮಣಿಗಳನ್ನು ಅಲ್ಲೇ ಬಿಟ್ಟು ಮೇಲೆ ಬಂದು, ಮಣ್ಣೆಲ್ಲವನ್ನೂ ಎಳೆದು ತುಂಬಿ ಕಾಲಿನಿಂದ ತುಳಿದ. ತನ್ನ ಮಗಳ ಜಾಗವನ್ನು ತಾನೇ ತುಳಿದೆ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಬಿಸಿಲೇರುವ ಮೊದಲು ಪಾಳುಬಾವಿಯ ಪಾಚಿ ತಂದು, ಮಜ್ಜಿಗೆಯಲ್ಲಿ ಕಲಸಿ, ಹಸಿಮಣ್ಣಿನ ಮೇಲೆ ಬಳಿದ. ಬೇರುಮಣ್ಣಿನ ಸಮೇತ ನಾಲ್ಕು ಹುಲ್ಲಿನ ಹೆಂಟೆಗಳನ್ನು ಕಿತ್ತು ತಂದು ಕೂರಿಸಿದ. ಹತ್ತು ದಿನದಲ್ಲಿ ಅದು ಹಸಿರಾಯಿತು. ಅಲ್ಲಿ ಎಂದೂ ಯಾರೂ ಕೈ ಹಾಕಿಲ್ಲ ಎಂದು ಯಾರಾದರೂ ಹೇಳಬಹುದಿತ್ತು.

ಸೇತುರಾಮರಿಗೆ ಅವನು ಹೇಳಲಿಲ್ಲ. ಹೇಳಿದರೆ ಅವರು ನಿಜವಾಗಿಯೂ ನೊಂದುಕೊಳ್ಳುತ್ತಿದ್ದರು. ನೊಂದುಕೊಂಡು ಹಜಾರದಲ್ಲಿ ಯಾರ ಮುಂದಾದರೂ ಅದನ್ನೂ ಹೇಳುತ್ತಿದ್ದರು. ಹೆಂಡತಿಗೂ ಹೇಳಲಿಲ್ಲ. ದಿನವೂ ನಾಳೆ ಹೇಳುತ್ತೇನೆಂದು ಮನಸ್ಸು ಗಟ್ಟಿ ಮಾಡಿಕೊಳ್ಳುವನು. ಅವಳ ತಿಳಿಯಾದ ಮುಖ ಕಂಡು ಸುಮ್ಮನಾಗುವನು.

ಹಾಗಿರುವಾಗ ಮಹಾಲಯ ಅಮಾವಾಸ್ಯೆ ಬಂತು, ಹಿರಿಯರಿಗೆ ಎಡೆ ಇಡುವ ದಿನ. ಮನೆಯಲ್ಲಿ ತಂದೆತಾಯಿಗೆ ಎಡೆ ಇಟ್ಟಾದ ಮೇಲೆ ಗೌರಮ್ಮ ಇನ್ನೊಂದು ಬಾಳೆಲೆಯ ಗಂಟು ಕಟ್ಟಿ ಕಂಕುಳಲ್ಲಿಟ್ಟುಕೊಂಡಳು.

"ನಡೀರಿ, ಹೋಗಿ ಬರಾನ" ಎಂದಳು.

"ಎಲ್ಲಿಗೆ?"

"ಇನ್ನೆಲ್ಲಿಗೆ. ಊರಿಗೇ ಗೊತ್ತಾಗೈತೆ, ಇನ್ನು ಬಚ್ಚಿಡೋದು ಏನೈತೆ. ಒಂಬತ್ತು ವರ್ಷ ಕೂಸು ಉಪವಾಸ ಕೂತೈತೆ."

ಬೇಡ ಎನ್ನಲು ಅವನಲ್ಲಿ ಹೇಳಬಹುದಾದ ಕಾರಣ ಒಂದೂ ಇರಲಿಲ್ಲ. ಹಿಂದೆ ಹಿಂದೆ ನಡೆದ. ಮಧ್ಯಾಹ್ನದ ಬಿಸಿಲಿನಲ್ಲಿ ಪಾರ್ಕು ಖಾಲಿ ಇತ್ತು. ಗೌರಮ್ಮ ಕಟ್ಟೆಯ ಮುಂದೆ ಕೂತು, ಹಸಿರನ್ನು ಅಂಗೈಯಿಂದ ಸವರಿ, "ಎಷ್ಟು ಚೆಂದಾಗಿ ಹುಲ್ಲು ಬೆಳ್ದೈತೆ ನೋಡಿ, ಯಾರೂ ಮುಟ್ಟೇ ಇಲ್ಲ" ಎಂದಳು. ಎಲೆ ಹಾಸಿ ಹಾಲನ್ನ, ಬೆಲ್ಲ, ಎರಡು ಕಡುಬು ಬಡಿಸಿದಳು. ಸತ್ತವರನ್ನು ಹೆಸರಿಟ್ಟು ಕರೆದು ಉಣ್ಣಲು ಹೇಳಬೇಕು. ಅದಾದ ಮೇಲೆ ಕಾಗೆ ಮುಟ್ಟಿದರೆ ಅವರು ಉಂಡ ಹಾಗೆ.

"ಸೊಣ್ಣೀ" ಎಂದು ಗೌರಮ್ಮ ಬಾಯಿತುಂಬ ಕರೆದಳು. ಒಂಬತ್ತು ವರ್ಷದಲ್ಲಿ ಆ ಹೆಸರು ಗಟ್ಟಿಯಾಗಿ ಬಂದದ್ದು ಅದೇ ಮೊದಲು. "ಬಾ ಕಂದಾ, ಅವ್ವ ಬಂದಿವ್ನಿ. ಉಣ್ಣು."

ಕಣ್ಣೀರು ಇಳಿಯುತ್ತಿದ್ದರೂ ಅವಳು ನಗುತ್ತಿದ್ದಳು. ಅವನ ಪಂಚೆಯ ಅಂಚು ಹಿಡಿದು ಎಳೆದು, "ನೀವೂ ಕರೀರಿ, ಅಪ್ಪನ ದನಿ ಕೇಳ್ಲಿ" ಎಂದಳು.

ತಿಮ್ಮರಾಯಪ್ಪ ಬಾಯಿ ತೆರೆದ. ಕರೆದರೆ ಎಲ್ಲಿಂದ ಬರಬೇಕು ಅವಳು? ಯಾವನ ಕೈಯಲ್ಲಿದ್ದಾಳೋ, ಈಗ ಯಾವ ಊರಿನಲ್ಲಿದ್ದಾಳೋ, ಅಪ್ಪ ಕರೆದನೆಂದು ಅಲ್ಲಿಂದ ಬಿಡಿಸಿಕೊಂಡು ಬರಲಾದೀತೆ? ಅವನು ಕರೆದ. ಒಂದು ಕಾಗೆ ಹೊಂಗೆಯಿಂದ ಇಳಿದು, ಅತ್ತಿತ್ತ ನೋಡಿ, ಕಡುಬಿನ ತುಂಡೊಂದನ್ನು ಕಚ್ಚಿಕೊಂಡು ಹಾರಿತು.

ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಂಡ್ರಾ. ಇಲ್ಲೇ ಅವ್ಳೆ. ಎಲ್ಲೂ ಹೋಗಿಲ್ಲ."

"ಹೂಂ, ಇಲ್ಲೇ ಅವ್ಳೆ" ಎಂದ ತಿಮ್ಮರಾಯಪ್ಪ.

ಪ್ರತಿ ವರ್ಷವೂ ಬರೋಣ ಎಂದು ಅವಳು ಹೇಳಿದಳು. ಅವನು ಆಗಲಿ ಎಂದ.